ನಮಾಜು, ನಡಿಗೆ ಮತ್ತು ಹೃದಯದ ಆರೋಗ್ಯ



ಹೃದಯದ ಆರೋಗ್ಯದ ಮಾತು ಬಂದಾಗ ನಮ್ಮ ಹಳ್ಳಿಗಳಲ್ಲಿ ಎರಡು ಪ್ರಶ್ನೆಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಮೊದಲನೆಯದು: “ಹೊಲದಾಗ ದುಡಿಯುವವಗ ಬೇರೆ ವ್ಯಾಯಾಮ ಯಾಕ ಬೇಕು?” ಎರಡನೆಯದು: “ದಿನಾ ಐದು ಹೊತ್ತು ನಮಾಜು ಮಾಡುವವರ ಮೈ ಬಾಗಿ ಏಳತಾನ ಇರತದ. ಅಷ್ಟು ಸಾಲೂದಿಲ್ಲೇನು?” ಎರಡು ಪ್ರಶ್ನೆಗಳಲ್ಲಿಯೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯದೆ ಹೋದರೆ ಪ್ರಾಣಕ್ಕೆ ಅಪಾಯವುಂಟು. ಆದ್ದರಿಂದ ಈ ಪಾಠದಲ್ಲಿ ನಮಾಜಿನ ಚಲನೆಗಳಿಂದ ಶರೀರಕ್ಕೆ ಏನು ದೊರೆಯುತ್ತದೆ, ಏನು ದೊರೆಯುವದಿಲ್ಲ, ದೊರೆಯದ್ದನ್ನು ಹೇಗೆ ಕೂಡಿಸಿಕೊಳ್ಳಬೇಕು ಎಂಬುದನ್ನು ನೋಡೋಣ.

ನಮಾಜು ದೇವರ ಆರಾಧನೆ. ಯಾರೂ ಅದನ್ನು ವ್ಯಾಯಾಮಕ್ಕೆಂದು ಮಾಡುವದಿಲ್ಲ, ಮಾಡಲೂ ಬಾರದು. ಆದರೆ ಆರಾಧನೆಯಲ್ಲಿ ಮೈಯೂ ಪಾಲುಗೊಳ್ಳುವದರಿಂದ ಅದರ ಲಾಭವನ್ನು ಲೆಕ್ಕ ಹಾಕುವದರಲ್ಲಿ ತಪ್ಪಿಲ್ಲ.

೧. ಹೃದಯವೆಂಬ ಪಂಪು

ಬಾವಿಯ ಮೇಲಿನ ಪಂಪಸೆಟ್ಟು ನಿಮಗೆ ಗೊತ್ತು. ಹೃದಯವೂ ಒಂದು ಪಂಪು. ಅದರ ಗಾತ್ರ ಒಂದು ಮುಷ್ಟಿಯಷ್ಟು. ನಿಮಿಷಕ್ಕೆ ಸುಮಾರು ೭೦ ಸಲ ಮಿಡಿಯುವದೆಂದು ಹಿಡಿದರೆ ದಿನಕ್ಕೆ ಒಂದು ಲಕ್ಷ ಸಲ ಮಿಡಿಯುತ್ತದೆ. ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವನ್ನು ಮೈಗೆಲ್ಲ ತಳ್ಳುತ್ತದೆ. ಪಂಪಸೆಟ್ಟಿಗೆ ವಿದ್ಯುತ್ತು ಬೇಕಾದಂತೆ ಹೃದಯಕ್ಕೂ ರಕ್ತ ಬೇಕು. ಅದನ್ನು ಒದಗಿಸುವ ಮುಖ್ಯ ನಾಳಗಳು ಮೂರು. ಅವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟುತ್ತ ಬಂದು, ಒಂದು ದಿನ ಆ ಕೊಬ್ಬಿನ ಗಂಟು ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದೇ ಹೃದಯಾಘಾತ.

ನಿಯಮಿತವಾದ ಚಲನೆಯಿಂದ ರಕ್ತದ ಒತ್ತಡ ತಗ್ಗುತ್ತದೆ, ರಕ್ತದೊಳಗಿನ ಸಕ್ಕರೆ ಹತೋಟಿಗೆ ಬರುತ್ತದೆ, ನಾಳಗಳು ಮೃದುವಾಗಿ ಉಳಿಯುತ್ತವೆ, ಹೃದಯದ ಸ್ನಾಯು ಬಲಗೊಳ್ಳುತ್ತದೆ. ಇನ್ನೊಂದು ಮಾತು. ಕಾಲಿನ ಮೀನಖಂಡಗಳು ಎರಡನೆಯ ಪಂಪಿನಂತೆ ಕೆಲಸ ಮಾಡುತ್ತವೆ. ನಡೆಯುವಾಗ, ಎದ್ದು ಕೂಡುವಾಗ ಅವು ಬಿಗಿದು ಸಡಿಲಾಗಿ, ಕಾಲಿನಲ್ಲಿ ನಿಂತ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ತಾಸುಗಟ್ಟಲೆ ಕುಳಿತವನಲ್ಲಿ ಈ ಪಂಪು ನಿಂತಿರುತ್ತದೆ.

೨. ನಮಾಜಿನಲ್ಲಿ ಮೈಯ ಕೆಲಸ

ನಮಾಜಿನ ಒಂದು ಆವೃತ್ತಿಗೆ ರಕಾತ್ ಎನ್ನುತ್ತಾರೆ. ಪ್ರತಿ ರಕಾತಿನಲ್ಲಿ ನೆಟ್ಟಗೆ ನಿಲ್ಲುವದು, ಮೊಣಕಾಲಿನ ಮೇಲೆ ಕೈಯಿಟ್ಟು ಸೊಂಟದಿಂದ ಬಾಗುವ ರುಕು, ಮತ್ತೆ ನೆಟ್ಟಗಾಗುವದು, ನೆಲಕ್ಕೆ ಹಣೆಯೂರುವ ಸಜ್ದಾ, ನಡುವೆ ಕೂಡುವದು, ಮತ್ತೊಂದು ಸಜ್ದಾ ಇರುತ್ತವೆ. ಸಜ್ದಾದಲ್ಲಿ ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳ ಬೆರಳುಗಳು ಹೀಗೆ ಏಳು ಅಂಗಗಳು ನೆಲ ಮುಟ್ಟುತ್ತವೆ.

ದಿನದ ಕಡ್ಡಾಯ ನಮಾಜಿನ ಲೆಕ್ಕ ಹೀಗಿದೆ: ಬೆಳಗಿನ ಫಜ್ರ್ ೨, ಮಧ್ಯಾಹ್ನದ ಜುಹರ್ ೪, ಇಳಿಹೊತ್ತಿನ ಅಸರ್ ೪, ಸೂರ್ಯ ಮುಳುಗಿದ ಮೇಲೆ ಮಗ್ರಿಬ್ ೩, ರಾತ್ರಿಯ ಇಶಾ ೪. ಒಟ್ಟು ೧೭ ರಕಾತ್. ಅಂದರೆ ದಿನಕ್ಕೆ ೧೭ ಸಲ ಸೊಂಟ ಬಾಗಿಸುವದು, ೩೪ ಸಲ ನೆಲಕ್ಕೆ ಹಣೆಯೂರುವದು, ೧೭ ಸಲ ನೆಲದಿಂದ ಎದ್ದು ನಿಲ್ಲುವದು ಆಗುತ್ತದೆ. ಹನಫಿ ಪದ್ಧತಿಯವರು ಇದರೊಂದಿಗೆ ೧೨ ರಕಾತ್ ಸುನ್ನತ್ತು, ರಾತ್ರಿ ೩ ರಕಾತ್ ವಿತ್ರ್ ಕೂಡಿಸಿದರೆ ಲೆಕ್ಕ ೩೨ಕ್ಕೆ ಏರುವದು. ಸಜ್ದಾಗಳು ೬೪ ಆಗುವವು.

ಗರಡಿಮನೆಗೆ ಹೋದವರಿಗೆ ಬೈಠಕ ಎಂದರೇನೆಂದು ಹೇಳಬೇಕಾಗಿಲ್ಲ. ನೆಲದಿಂದ ಎದ್ದು ನಿಲ್ಲುವದೂ ತೊಡೆ ಮತ್ತು ಸೊಂಟಕ್ಕೆ ಅದೇ ಜಾತಿಯ ಕೆಲಸ. ಅರವತ್ತು ದಾಟಿದ ಮೇಲೆ ಕೈಯೂರದೆ ನೆಲದಿಂದ ಏಳಬಲ್ಲವನು ತನ್ನ ಕಾಲಿನ ಬಲವನ್ನೂ ಮೈಯ ತೂಕದ ಹಿಡಿತವನ್ನೂ ಕಾಯ್ದುಕೊಂಡಿದ್ದಾನೆಂದು ತಿಳಿಯಬಹುದು. ಇಂಥವನು ಜಾರಿ ಬೀಳುವ ಸಂಭವ ಕಡಿಮೆ. ರುಕುವಿನಲ್ಲಿ ತೊಡೆಯ ಹಿಂಬದಿ ಮತ್ತು ಬೆನ್ನು ಹಿಗ್ಗುತ್ತವೆ. ಮೊಣಕಾಲು, ಹಿಮ್ಮಡಿ, ಕಾಲ್ಬೆರಳುಗಳ ಕೀಲುಗಳು ಪೂರ್ತಿಯಾಗಿ ಮಡಿಚಿ ಬಿಚ್ಚುತ್ತವೆ.

ಇನ್ನೊಂದು ಲಾಭವಿದೆ. ಬೆಳಗಾವಿಯ ಖಡೇಬಜಾರದ ಅಂಗಡಿಯಲ್ಲಿ ಗಲ್ಲೆಯ ಮುಂದೆ ಕುಳಿತವರಿಗೂ, ಹೊಲಿಗೆಯಂತ್ರದ ಮುಂದೆ ಬಗ್ಗಿದವರಿಗೂ, ಲಾರಿ ನಡೆಸುವವರಿಗೂ ನಮಾಜಿನ ಹೊತ್ತು ಬಂದಾಗ ಏಳಲೇಬೇಕಾಗುತ್ತದೆ. ದೀರ್ಘಕಾಲ ಕೂಡುವದನ್ನು ನಡುನಡುವೆ ಮುರಿಯಬೇಕೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ.

ಮನಸ್ಸಿನ ಮಾತೂ ಉಂಟು. ಕೌಲಾಲಂಪುರದ ಮಲಯಾ ವಿಶ್ವವಿದ್ಯಾಲಯದ ಸಂಶೋಧಕರು ನಮಾಜು ಮಾಡುವವರ ಮೆದುಳಿನ ಅಲೆಗಳನ್ನೂ ಹೃದಯದ ಬಡಿತವನ್ನೂ ಅಳೆದು ೨೦೧೪ರಲ್ಲಿ ಪ್ರಕಟಿಸಿದರು. ನಮಾಜಿನ ವೇಳೆಯಲ್ಲಿ ಶಾಂತಸ್ಥಿತಿಯ ಅಲೆಗಳು ಹೆಚ್ಚಿದ್ದವು. ಶರೀರಕ್ಕೆ ವಿಶ್ರಾಂತಿ ಕೊಡುವ ನರಗಳ ಕೆಲಸವೂ ಹೆಚ್ಚಿತ್ತು. ಆದರೆ ಅವರು ಪರೀಕ್ಷಿಸಿದ್ದು ಆರೋಗ್ಯವಂತರಾದ ಕೆಲವೇ ಜನರನ್ನು. ಇಷ್ಟರಿಂದಲೇ ನಮಾಜು ಹೃದಯರೋಗವನ್ನು ತಡೆಯುತ್ತದೆಂದು ಹೇಳಲು ಬರುವದಿಲ್ಲ.

೩. ಲೆಕ್ಕದಲ್ಲಿ ಉಳಿಯುವ ಕೊರತೆ

ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಕೊಟ್ಟ ಸಲಹೆಯಂತೆ ಬೆಳೆದ ಮನುಷ್ಯನಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ ತರಗತಿಯ ಚಲನೆ ಬೇಕು. ಮಧ್ಯಮ ಎಂದರೇನು? ಉಸಿರು ತುಸು ಏರಬೇಕು. ಮಾತಾಡಲು ಬರಬೇಕು, ಹಾಡಲು ಬರಬಾರದು. ಬಿರುಸಾದ ನಡಿಗೆಯಲ್ಲಿ ಇದು ಆಗುತ್ತದೆ.

ನಮಾಜು ಈ ಅಳತೆಗೆ ಮುಟ್ಟುವದಿಲ್ಲ. ಒಂದು ರಕಾತಿಗೆ ಒಂದೂವರೆ ನಿಮಿಷದಂತೆ ಹಿಡಿದರೆ ೩೨ ರಕಾತಿಗೆ ೪೮ ನಿಮಿಷವಾಯಿತು. ಆದರೆ ಅದರಲ್ಲಿ ಬಹಳ ಹೊತ್ತು ನಿಂತು ಅಥವಾ ಕುಳಿತು ಪಠಿಸುವದೇ ಇರುತ್ತದೆ. ಆದ್ದರಿಂದ ಅದು ಹಗುರ ಚಲನೆ. “ಹಾಗಾದರೆ ಬೇಗ ಬೇಗ ಮಾಡಿದರಾಯಿತು” ಎನ್ನಲಾಗದು. ಪ್ರತಿಯೊಂದು ಭಂಗಿಯಲ್ಲಿ ಮೈ ನೆಲೆಗೊಂಡು ಶಾಂತವಾದ ಮೇಲೆಯೇ ಮುಂದಿನದಕ್ಕೆ ಹೋಗಬೇಕೆಂದು ನಮಾಜಿನ ಕಟ್ಟಳೆ. ಅವಸರದ ನಮಾಜು ನಮಾಜೇ ಅಲ್ಲವೆಂದು ಹಿರಿಯರು ಹೇಳುತ್ತಾರೆ. ನಮಾಜು ಕೊಡುವದು ಸಮಾಧಾನ ಮತ್ತು ಕೀಲುಗಳ ಸಡಿಲಿಕೆ. ಅದರಿಂದ ಗರಡಿಯ ಬೆವರನ್ನು ಕೇಳುವದು ಸರಿಯಲ್ಲ.

ಹೃದಯಕ್ಕೆ ಚಲನೆ ಎಷ್ಟು ಮುಖ್ಯವೆಂಬುದಕ್ಕೆ ಒಂದು ಹೆಸರಾದ ಉದಾಹರಣೆ ಲಂಡನ್ನಿನದು. ಅಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಸುಮಾರು ೩೧,೦೦೦ ಸಾರಿಗೆ ನೌಕರರನ್ನು ಅಭ್ಯಸಿಸಿ ೧೯೫೩ರಲ್ಲಿ ವರದಿ ಕೊಟ್ಟರು. ಎರಡು ಅಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಡ್ರಾಯವ್ಹರರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಲ್ಲಿ ಹೃದಯರೋಗ ಕಡಿಮೆಯಿತ್ತು. ಡ್ರಾಯವ್ಹರರು ಕೆಲಸಕ್ಕೆ ಸೇರುವಾಗಲೇ ತುಸು ದಪ್ಪನಿದ್ದರೆಂದು ಅವರ ಸಮವಸ್ತ್ರದ ನಡುವಿನ ಅಳತೆಯಿಂದ ಮಾರಿಸರೇ ಮುಂದೆ ೧೯೫೬ರಲ್ಲಿ ತೋರಿಸಿದರು. ಆದರೂ ಆಮೇಲಿನ ಅನೇಕ ಅಭ್ಯಾಸಗಳು ಮೂಲ ಮಾತನ್ನು ಗಟ್ಟಿಗೊಳಿಸಿವೆ: ಕೂಡುವವನಿಗಿಂತ ನಡೆಯುವವನ ಹೃದಯ ಲೇಸು.

೪. ಮಸೀದಿಯ ಹಾದಿಯೇ ಮದ್ದು

ಕೊರತೆಯನ್ನು ತುಂಬುವ ದಾರಿ ದೂರವಿಲ್ಲ. ಅದು ಮನೆಗೂ ಮಸೀದಿಗೂ ನಡುವೆ ಇದೆ.

ಮಸೀದಿ ಮನೆಯಿಂದ ಅರ್ಧ ಕಿಲೋಮೀಟರು ದೂರವಿದೆ ಎನ್ನೋಣ. ಸುಮಾರು ೬೫೦ರಿಂದ ೭೦೦ ಹೆಜ್ಜೆ. ಬಿರುಸಾಗಿ ನಡೆದರೆ ೬ ನಿಮಿಷ. ನಮಾಜಿಗೆ ಓಡುತ್ತ ಬರಬಾರದು, ಸಮಾಧಾನದಿಂದ ಬರಬೇಕು ಎಂಬ ಬೋಧೆಯಿದೆ. ಆದ್ದರಿಂದ ಹೋಗುವಾಗ ಸಾವಕಾಶವಾಗಿ ಹೋಗಿರಿ, ತಿರುಗಿ ಬರುವಾಗ ಬಿರುಸಾಗಿ ಬನ್ನಿರಿ. ಬರುವ ನಡಿಗೆಯೊಂದನ್ನೇ ಹಿಡಿದರೂ ಐದು ಹೊತ್ತಿಗೆ ೩೦ ನಿಮಿಷವಾಯಿತು. ವಾರಕ್ಕೆ ೨೧೦ ನಿಮಿಷ. ೧೫೦ರ ಗಡಿ ದಾಟಿದಂತಾಯಿತು! ಹಿಂದೆ ಒಂದೇ ಸಮನೆ ೧೦ ನಿಮಿಷವಾದರೂ ನಡೆಯಬೇಕು, ಇಲ್ಲವಾದರೆ ಅದು ಲೆಕ್ಕಕ್ಕಿಲ್ಲ ಎನ್ನುತ್ತಿದ್ದರು. ೨೦೨೦ರ ಸಲಹೆಯಲ್ಲಿ ಆ ಕಟ್ಟು ಇಲ್ಲ. ಆರು ನಿಮಿಷದ ತುಣುಕೂ ಲೆಕ್ಕಕ್ಕೆ ಬರುತ್ತದೆ. ಮಸೀದಿಯ ಕಡೆಗೆ ಇಡುವ ಒಂದೊಂದು ಹೆಜ್ಜೆಗೂ ಪುಣ್ಯವುಂಟೆಂದು ಮುಸಲ್ಮಾನರು ನಂಬುತ್ತಾರೆ. ಆ ಹೆಜ್ಜೆಗಳನ್ನು ಮೋಟಾರ ಸೈಕಲ್ಲಿಗೆ ಯಾಕೆ ಬಿಟ್ಟುಕೊಡಬೇಕು?

ಹೊಲದಲ್ಲಿಯೇ ನಮಾಜು ಮಾಡುವವರಿಗೂ ಮನೆಯಲ್ಲಿ ಮಾಡುವ ತಾಯಂದಿರಿಗೂ ಈ ಹಾದಿ ಸಿಗುವದಿಲ್ಲ. ಅವರು ಫಜ್ರಿನ ನಂತರ ಅಥವಾ ಅಸರಿನ ನಂತರ ಅರ್ಧ ತಾಸು ಬೇರೆಯಾಗಿ ನಡೆಯಬೇಕು. ಓಣಿಯ ನಾಲ್ಕೈದು ಮಂದಿ ಹೆಣ್ಣುಮಕ್ಕಳು ಕೂಡಿ ಹೊರಟರೆ ಸಂಕೋಚವೂ ಇರುವದಿಲ್ಲ, ಬೇಸರವೂ ಬರುವದಿಲ್ಲ.

ಈ ಲೆಕ್ಕ ಮುಸಲ್ಮಾನರಿಗಷ್ಟೇ ಅಲ್ಲ. ಗುಡಿಗೆ ಹೋಗಿ ಪ್ರದಕ್ಷಿಣೆ ಹಾಕುವವರು, ಬಸದಿಗೆ ಹೋಗುವವರು, ಸೂರ್ಯನಮಸ್ಕಾರ ಹಾಕುವವರು, ದಿಂಡಿಯೊಡನೆ ಪಂಢರಪುರಕ್ಕೆ ನಡೆಯುವವರು ಎಲ್ಲರೂ ಇದನ್ನೇ ತಮಗೆ ಹೊಂದಿಸಿಕೊಳ್ಳಬಹುದು. ಒಂದು ಎಚ್ಚರ: ವರ್ಷದಲ್ಲಿ ಒಂದು ವಾರಿ ನಡೆದು ಉಳಿದ ದಿನ ಕೂತರೆ ಹೃದಯ ಅದನ್ನು ಉಳಿತಾಯವೆಂದು ಜಮಾ ಮಾಡಿಕೊಳ್ಳುವದಿಲ್ಲ.

೫. ಹೊಲದ ದುಡಿಮೆ ಸಾಲದೇ?

ರಂಟಿ ಹೂಡಿ, ಎತ್ತಿನ ಹಿಂದೆ ದಿನವಿಡೀ ನಡೆದ ಹಿರಿಯರಿಗೆ ಸಾಕಾಗುತ್ತಿತ್ತು. ಈಗ ಟ್ರಾಕ್ಟರಿನ ಮೇಲೆ ಕುಳಿತು ಉಳುತ್ತೇವೆ, ಹೊಲಕ್ಕೆ ಗಾಡಿಯ ಮೇಲೆ ಹೋಗುತ್ತೇವೆ. ಖಾನಾಪುರದ ಜಾಂಬೋಟಿ, ಕಣಕುಂಬಿ ಕಡೆಯ ಭತ್ತದ ಗದ್ದೆಯಲ್ಲಿ ನಾಟಿಯ ದಿನಗಳಲ್ಲಿ ಮೈ ಮುರಿಯುವಷ್ಟು ಕೆಲಸ; ಕೊಯ್ಲು ಮುಗಿದ ಮೇಲೆ ಕಟ್ಟೆಯೇ ಗತಿ. ಇಟಗಿ, ಪಾರಿಶ್ವಾಡ ಕಡೆಯ ಬಯಲಿನಲ್ಲಿಯೂ ಹಂಗಾಮು ಬಂದಾಗ ಬಿಡುವಿಲ್ಲ, ಹಂಗಾಮು ಮುಗಿದಾಗ ಕೆಲಸವಿಲ್ಲ. ಹೃದಯಕ್ಕಾದರೋ ವರ್ಷದ ಹನ್ನೆರಡು ತಿಂಗಳೂ ಸಮನಾದ ಚಲನೆ ಬೇಕು. ಆದ್ದರಿಂದ ದುಡಿಮೆ ಇಲ್ಲದ ತಿಂಗಳುಗಳಲ್ಲಿ ನಡಿಗೆಯನ್ನು ಮರೆಯಬಾರದು.

ಚಲನೆಯೊಂದರಿಂದಲೇ ಹೃದಯ ಉಳಿಯುವದೆಂದೂ ತಿಳಿಯಬೇಡಿರಿ. ನಟ ಪುನೀತ್ ರಾಜಕುಮಾರರು ದಿನವೂ ವ್ಯಾಯಾಮ ಮಾಡುವವರೆಂದು ನಾಡಿಗೆಲ್ಲ ಗೊತ್ತಿತ್ತು. ಅವರು ೨೦೨೧ರ ಅಕ್ಟೋಬರ ೨೯ರಂದು, ೪೬ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡರು. ವ್ಯಾಯಾಮದಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವದಿಲ್ಲ. ಆದ್ದರಿಂದ ಈ ನಾಲ್ಕನ್ನು ಜೊತೆಗೆ ಪಾಲಿಸಿರಿ:

(ಅ) ಬೀಡಿ, ಸಿಗರೇಟು, ಗುಟಕಾ, ತಂಬಾಕು ಬಿಡಿರಿ. ನಿಪ್ಪಾಣಿಯ ತಂಬಾಕು ನಮ್ಮ ಜಿಲ್ಹೆಯ ಬೆಳೆಯೇ ಇರಬಹುದು. ಅದು ನಮ್ಮ ಎದೆಯೊಳಗೆ ಬರಬೇಕಾಗಿಲ್ಲ.

(ಆ) ಉಪ್ಪು ದಿನಕ್ಕೆ ಒಬ್ಬನಿಗೆ ೫ ಗ್ರಾಮಿಗಿಂತ ಕಡಿಮೆಯಿರಲಿ. ಎಲ್ಲ ಅಡಿಗೆಗಳದು ಕೂಡಿ ಒಂದು ಸಣ್ಣ ಚಹದ ಚಮಚೆ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಇದರಲ್ಲಿಯೇ ಬಂತು. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ತರಕಾರಿ ಒಳ್ಳೆಯವು. ಭಜಿ, ಮಿರ್ಚಿ ಅಪರೂಪಕ್ಕಿರಲಿ.

(ಇ) ಮೂವತ್ತು ದಾಟಿದವರೆಲ್ಲರೂ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆಯಾದರೂ ರಕ್ತದ ಒತ್ತಡ ಮತ್ತು ಸಕ್ಕರೆ ತೋರಿಸಿಕೊಳ್ಳಿರಿ. ಒತ್ತಡ ಮತ್ತೆ ಮತ್ತೆ ೧೪೦/೯೦ ಅಥವಾ ಅದಕ್ಕೂ ಮೇಲೆ ಬಂದರೆ ವೈದ್ಯರನ್ನು ಕಾಣಿರಿ. ಏರಿದ ಒತ್ತಡ ಬಹಳ ಸಲ ಯಾವ ನೋವನ್ನೂ ಕೊಡುವದಿಲ್ಲ.

(ಈ) ವೈದ್ಯರು ಕೊಟ್ಟ ಗುಳಿಗೆಗಳನ್ನು “ಈಗ ಆರಾಮ ಇದ್ದೇನೆ” ಎಂದು ತಾವಾಗಿ ನಿಲ್ಲಿಸಬೇಡಿರಿ.

೬. ನಮಾಜು ಮಾಡುವವರಿಗೆ ಕೆಲವು ಸೂಚನೆಗಳು

ಒತ್ತಡದ ಗುಳಿಗೆ ತಕ್ಕೊಳ್ಳುವವರಿಗೂ ಮುದುಕರಿಗೂ ಸಜ್ದಾದಿಂದ ಏಕದಮ್ ಎದ್ದರೆ ತಲೆ ಸುತ್ತಬಹುದು. ಏಳುವಾಗ ರಕ್ತ ಕಾಲಿಗೆ ಇಳಿದು ತಲೆಗೆ ಕಡಿಮೆಯಾಗುವದೇ ಇದಕ್ಕೆ ಕಾರಣ. ಕೂತು ಎರಡು ಉಸಿರು ತೆಗೆದುಕೊಂಡು ಸಾವಕಾಶವಾಗಿ ಏಳಿರಿ. ಮೇಲಿಂದ ಮೇಲೆ ಹೀಗಾದರೆ ವೈದ್ಯರಿಗೆ ಹೇಳಿರಿ.

ಹೃದಯದ ಶಸ್ತ್ರಕ್ರಿಯೆ ಆದವರು, ಇತ್ತೀಚೆಗೆ ಹೃದಯಾಘಾತ ಆದವರು, ಮೊಣಕಾಲು ಬಾಗದವರು ಯಾವಾಗಿನಿಂದ ರುಕು, ಸಜ್ದಾ ಮಾಡಬಹುದೆಂದು ವೈದ್ಯರನ್ನು ಕೇಳಬೇಕು. ನಿಲ್ಲಲಾಗದವನು ಕುಳಿತು, ಕೂಡಲಾಗದವನು ಮಲಗಿ ನಮಾಜು ಮಾಡಬಹುದೆಂಬ ಸವಲತ್ತು ಧರ್ಮದಲ್ಲಿಯೇ ಇದೆ. ಮೈಯನ್ನು ದಂಡಿಸಿ ಹಟ ಮಾಡುವದು ಬೇಡ.

ರಮಜಾನಿನಲ್ಲಿ ಹನಫಿ ಮಸೀದಿಗಳಲ್ಲಿ ರಾತ್ರಿ ೨೦ ರಕಾತ್ ತರಾವೀಹ ನಡೆಯುತ್ತದೆ. ಅದರಿಂದ ಚಲನೆಯೇನೋ ಹೆಚ್ಚುವದು. ಆದರೆ ರೋಜಾ ಬಿಡುವಾಗ ಎಣ್ಣೆಯಲ್ಲಿ ಕರಿದದ್ದನ್ನೂ ಸಿಹಿಯನ್ನೂ ಹೊಟ್ಟೆ ತುಂಬ ತಿಂದರೆ ಲಾಭ ನಷ್ಟಕ್ಕೆ ಸರಿಹೋಗುವದು. ಸಕ್ಕರೆ ರೋಗ, ಒತ್ತಡ, ಹೃದಯದ ಬೇನೆ ಇದ್ದವರು ಉಪವಾಸ ಮಾಡಬಹುದೋ ಇಲ್ಲವೋ, ಗುಳಿಗೆಯ ಹೊತ್ತನ್ನು ಹೇಗೆ ಬದಲಿಸಬೇಕು ಎಂಬುದನ್ನು ರಮಜಾನು ಬರುವ ಮೊದಲೇ ವೈದ್ಯರಿಂದ ತಿಳಿದುಕೊಳ್ಳಬೇಕು.

೭. ಎದೆ ಹಿಡಿದಾಗ

ಈ ಪಾಠದಲ್ಲಿ ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿರಿ. ಎದೆಯ ನಡುವೆ ಕಲ್ಲು ಹೇರಿದಂಥ ಭಾರ ಅಥವಾ ಉರಿ, ಎಡಗೈ, ದವಡೆ, ಬೆನ್ನಿಗೆ ಹರಿಯುವ ನೋವು, ತಣ್ಣನೆಯ ಬೆವರು, ಉಸಿರು ಸಿಕ್ಕುವದು, ವಾಂತಿ ಬಂದಂತಾಗುವದು ಇವು ಹೃದಯಾಘಾತದ ಗುರುತುಗಳು. ಹೆಣ್ಣುಮಕ್ಕಳಲ್ಲಿಯೂ ಸಕ್ಕರೆ ರೋಗಿಗಳಲ್ಲಿಯೂ ಎದೆನೋವು ಹೆಚ್ಚಿಲ್ಲದೆ ಬರೀ ದಣಿವು, ಮೇಲುಸಿರು ಇರಬಹುದು. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ನಡುವೆ ಹೃದಯಾಘಾತ ಹೆಚ್ಚು.

“ಗ್ಯಾಸ ಆಗೇದ, ಸೋಡಾ ಕುಡಿ, ಸ್ವಲ್ಪ ಮಲಗು” ಎಂದು ತಾಸು ಕಳೆಯುವದೇ ದೊಡ್ಡ ಅನಾಹುತ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಮೊದಲ ತಾಸುಗಳಲ್ಲಿ ಬಹಳ ಉಪಯೋಗ. ತಡವಾದಷ್ಟು ಹೃದಯದ ಸ್ನಾಯು ಸಾಯುತ್ತದೆ. ರಾಜ್ಯ ಸರಕಾರವು ೨೦೨೩ರಲ್ಲಿ ಪುನೀತ್ ರಾಜಕುಮಾರರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಘೋಷಿಸಿತು. ಇದಕ್ಕೆ ಸೇರಿದ ತಾಲೂಕು, ಜಿಲ್ಹಾ ಆಸ್ಪತ್ರೆಗಳಲ್ಲಿ ಹೃದಯದ ಇಸಿಜಿ ತೆಗೆದು, ದೂರದ ಜಯದೇವ ಸಂಸ್ಥೆಯ ತಜ್ಞರಿಗೆ ತೋರಿಸಿ, ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುವದು ಇದರ ಉದ್ದೇಶ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಕರ್ಯವಿದೆಯೆಂದು ಆಶಾ ಕಾರ್ಯಕರ್ತೆಯಿಂದ ಇಂದೇ ಕೇಳಿ ತಿಳಿದುಕೊಳ್ಳಿರಿ. ನೋವು ಬಂದ ಮೇಲೆ ಕೇಳುವ ಮಾತಲ್ಲ ಇದು. ಕಾಡಂಚಿನ ಹಳ್ಳಿಗಳಿಂದ ಖಾನಾಪುರ ಮುಟ್ಟಲಿಕ್ಕೇ ಹೊತ್ತು ಹಿಡಿಯುತ್ತದೆ, ಅಲ್ಲಿಂದ ಬೆಳಗಾವಿ ಮತ್ತೆ ಸುಮಾರು ೨೫ ಕಿಲೋಮೀಟರು. ಆದ್ದರಿಂದ ಕೂಡಲೇ ೧೦೮ಕ್ಕೆ ಫೋನು ಮಾಡಿರಿ. ರೋಗಿಯೇ ಗಾಡಿ ನಡೆಸಿಕೊಂಡು ಹೋಗಬಾರದು.

ಒಬ್ಬನು ಕುಸಿದು ಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಹೀಗೆ ಮಾಡಿರಿ: ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ನೆಟ್ಟಗೆ ಹಿಡಿದು ಸುಮಾರು ೫ ಸೆಂಟಿಮೀಟರು ಆಳಕ್ಕೆ ಒತ್ತಿರಿ. ನಿಮಿಷಕ್ಕೆ ೧೦೦ರಿಂದ ೧೨೦ ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿರಿ. ಎರಡೆರಡು ನಿಮಿಷಕ್ಕೆ ಒತ್ತುವವರು ಬದಲಾಗಿರಿ. ೧೦೮ರವರು ಬರುವವರೆಗೆ ನಿಲ್ಲಿಸಬೇಡಿರಿ.

ನಮಾಜಿನ ಸಾಲಿನಲ್ಲಿ ನಿಂತಾಗ ಪಕ್ಕದವನು ಹೀಗೆ ಬಿದ್ದರೆ? ಪ್ರಾಣ ಉಳಿಸಲು ನಮಾಜನ್ನು ಅಲ್ಲಿಗೇ ಮುರಿಯಬಹುದು, ಮುರಿಯಲೇಬೇಕು ಎಂಬುದು ಧರ್ಮಶಾಸ್ತ್ರದ ಮಾತು. ನಮಾಜನ್ನು ಮತ್ತೆ ಮಾಡಬಹುದು. ಅದೇ ರೀತಿ ತನಗೇ ಎದೆ ಹಿಡಿದರೆ “ನಾಲ್ಕು ರಕಾತ್ ಮುಗಿಸಿಯೇ ಹೇಳುತ್ತೇನೆ” ಎಂದು ಯಾರೂ ಕಾಯಬಾರದು. ಪೇಶ್ ಇಮಾಮರು ಶುಕ್ರವಾರದ ದಿನ ಈ ಮಾತನ್ನು ಜಮಾತಿಗೆ ತಿಳಿಸಿದರೆ, ಭಜನೆಯ ದಿನ ಗುಡಿಯಲ್ಲಿ ಹಿರಿಯರು ತಿಳಿಸಿದರೆ ಒಂದು ಜೀವವಾದರೂ ಉಳಿದೀತು.

ಮಂಡಳದಲ್ಲಿ ಚರ್ಚಿಸಲು ಪ್ರಶ್ನೆಗಳು

೧. ಕಡ್ಡಾಯ ನಮಾಜಿನಲ್ಲಿ ದಿನಕ್ಕೆ ಎಷ್ಟು ಸಲ ನೆಲದಿಂದ ಏಳಬೇಕಾಗುತ್ತದೆ? ಅದರಿಂದ ಯಾವ ಅಂಗಗಳಿಗೆ ಲಾಭ?

೨. ನಮಾಜು ಹಗುರ ಚಲನೆ ಏಕೆ? ವಾರಕ್ಕೆ ೧೫೦ ನಿಮಿಷದ ಲೆಕ್ಕವನ್ನು ಹೇಗೆ ತುಂಬಿಸುವಿರಿ?

೩. ನಿಮ್ಮ ಮನೆಯಿಂದ ಮಸೀದಿಗೆ, ಗುಡಿಗೆ, ಹೊಲಕ್ಕೆ ಎಷ್ಟೆಷ್ಟು ಹೆಜ್ಜೆ? ನಾಳೆ ಎಣಿಸಿಕೊಂಡು ಬನ್ನಿರಿ.

೪. ನಿಮ್ಮ ಊರಿನಲ್ಲಿ ಒಬ್ಬರಿಗೆ ಈಗ ಎದೆನೋವು ಬಂದರೆ ಯಾರು ಫೋನು ಮಾಡುವರು, ಯಾವ ಆಸ್ಪತ್ರೆಗೆ ಒಯ್ಯುವರು, ಎಷ್ಟು ಹೊತ್ತು ಹಿಡಿಯುವದು? ಉತ್ತರವನ್ನು ಬರೆದು ಪಂಚಾಯಿತಿ, ಮಸೀದಿ, ಗುಡಿಗಳ ಗೋಡೆಗೆ ಹಚ್ಚಿರಿ.